ಮೂವತ್ತು ಗೆರೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಆರೋಗ್ಯ ಕೇಂದ್ರಕ್ಕೆ ಬರುವವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಸಕ್ಕರೆ ಕಾಯಿಲೆಯವರ ದಿನ ಬಂತೆಂದರೆ ಸಾಲು ಬಾಗಿಲು ದಾಟಿ ರಸ್ತೆಗೆ ಇಳಿದಿರುತ್ತದೆ. ಒಬ್ಬೊಬ್ಬರ ಬೆರಳು ಚುಚ್ಚಿ ರಕ್ತ ನೋಡಬೇಕು, ಚಪ್ಪಲಿ ಬಿಚ್ಚಿಸಿ ಪಾದ ನೋಡಬೇಕು, ನಡುಗುವ ಕೈಗೆ ಸೂಜಿ ಹಿಡಿಯುವುದನ್ನು ಕಲಿಸಬೇಕು. ಜೊತೆಗೆ ಅವರು ಹೇಳುವ ಸುಳ್ಳುಗಳನ್ನೂ ಕೇಳಿಸಿಕೊಳ್ಳಬೇಕು. ಸಿಹಿ ಮುಟ್ಟಿಯೇ ಇಲ್ಲ ಎಂದು ಆಣೆ ಹಾಕುವವರ ತುಟಿಯ ಅಂಚಿನಲ್ಲೇ ಸಕ್ಕರೆ ಹರಳು ಅಂಟಿರುತ್ತದೆ. ಇವರನ್ನೆಲ್ಲ ಬೈಯದೆ ಮುದ್ದು ಮಾಡುವ ನರ್ಸ್ ಬೇಕಿದ್ದರೆ ಬೇರೆ ಕಡೆ ಹುಡುಕಿಕೊಳ್ಳಬೇಕು.

ನಮ್ಮಲ್ಲಿ ಇನ್ಸುಲಿನ್ನಿನ ಲೆಕ್ಕವೆಲ್ಲ ಗೆರೆಯಲ್ಲಿ. ಡಾಕ್ಟರಮ್ಮ ಚೀಟಿಯಲ್ಲಿ ಯೂನಿಟ್ ಎಂದು ಬರೆಯುತ್ತಾರೆ, ಅದು ನನ್ನ ಮೇಜಿಗೆ ಬರುವಷ್ಟರಲ್ಲಿ ಗೆರೆಯಾಗುತ್ತದೆ. ಮೊದಮೊದಲು ನಾನೂ ಯೂನಿಟ್ ಎಂದೇ ಹೇಳುತ್ತಿದ್ದೆ. ಕರೆಂಟ್ ಬಿಲ್ಲಿನಲ್ಲಿ ಬರುತ್ತಲ್ಲ ಅದೇನಾ ಸಿಸ್ಟರ್ ಎಂದು ಒಬ್ಬರು ಕೇಳಿದ ಮೇಲೆ ಆ ಸಹವಾಸವೇ ಬೇಡವೆಂದು ಬಿಟ್ಟೆ. ಸಿರಿಂಜಿನ ಮೈಮೇಲೆ ಸಣ್ಣ ಕಪ್ಪು ಗೆರೆಗಳಿರುತ್ತವೆ. ಒಂದು ಗೆರೆಗೆ ಒಂದು ಯೂನಿಟ್. ಅಕ್ಷರ ಬಾರದವರಿಗೂ ಗೆರೆ ಎಣಿಸಲು ಬರುತ್ತದೆ. ನಿಮಗೆ ಹತ್ತು ಗೆರೆ, ನಿಮಗೆ ಹದಿನಾರು ಗೆರೆ ಎಂದರೆ ಮುಗಿಯಿತು. ಇಷ್ಟು ವರ್ಷ ಯಾರಿಗೂ ಒಂದು ಗೆರೆ ಆಚೀಚೆ ಆಗಿದ್ದಿಲ್ಲ.

ಆ ದಿನ ಬೆಳಗಿನ ಸಾಲು ಅರ್ಧ ಕರಗಿತ್ತು. ಹಿಂದಿನ ಎರಡು ದಿನ ಲಸಿಕೆ ಹಾಕಲು ಶಾಲೆಗಳಿಗೆ ಹೋಗಿದ್ದರಿಂದ ಕೆಲಸ ಬಾಕಿ ಬಿದ್ದು ನನ್ನ ತಲೆ ಬಿಸಿಯಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ನಮ್ಮ ಹಳೆಯ ರೋಗಿಯಾದ ಅಜ್ಜಿಯೊಬ್ಬರನ್ನು ಅವರ ಸೊಸೆ ತೋಳು ಹಿಡಿದು ಇಳಿಸಿದಳು. ಈ ಅಜ್ಜಿಯ ಬಾಯಿಗೆ ಬೀಗವಿಲ್ಲ. ಬಂದಾಗಲೆಲ್ಲ ನನ್ನ ಕಾಲೆಳೆಯದೆ ಹೋದವರಲ್ಲ. ಆವತ್ತು ಮಾತ್ರ ಬಟ್ಟೆಯೆಲ್ಲ ಬೆವರಿನಲ್ಲಿ ತೊಯ್ದು ಮೈಗಂಟಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು. ನನ್ನನ್ನೇ ನೋಡುತ್ತ ನೀನು ಯಾರಮ್ಮ ಎಂದು ಕೇಳಿದರು.

ಬೆರಳು ಚುಚ್ಚಿ ಮಿಷನ್ನಿಗೆ ಹನಿ ತಾಗಿಸಿದೆ. ಸಕ್ಕರೆ ನಲವತ್ತಕ್ಕೂ ಕೆಳಗಿತ್ತು. ಡಾಕ್ಟರಮ್ಮನನ್ನು ಕೂಗಿ, ಗ್ಲೂಕೋಸ್ ಪುಡಿ ಕಲಸಿದ ನೀರನ್ನು ಚಮಚದಲ್ಲಿ ಹನಿಹನಿಯಾಗಿ ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಅಜ್ಜಿಯ ಮುಖಕ್ಕೆ ಕಳೆ ಬಂತು. ತುಟಿ ಚಪ್ಪರಿಸಿಕೊಂಡು, "ಸಕ್ಕರೆ ತಿನ್ಬೇಡ ಅಂತ ಬಾಯಿ ಬಡ್ಕೊಳ್ತಿದ್ದೋಳು ನೀನೇ ಅಲ್ವೇನೇ? ಈಗ ನೀನೇ ತಿನ್ನಿಸ್ತಿದ್ದೀಯಲ್ಲ" ಎಂದರು. ಸೊಸೆ ಅಳುತ್ತಲೇ ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು.

ಊಟ ಬಿಟ್ಟಿದ್ದರಾ ಎಂದು ಕೇಳಿದೆ. ಇಲ್ಲ, ತಿಂಡಿ ಹೊಟ್ಟೆ ತುಂಬ ತಿಂದಿದ್ದರು. ಗೆರೆ ಜಾಸ್ತಿ ಎಳೆದಿರಾ ಎಂದರೆ ಅದೂ ಇಲ್ಲ. ಎಂದಿನಂತೆ ಹನ್ನೆರಡೇ ಗೆರೆ, ತಾನೇ ಬೆಳಕಿಗೆ ಹಿಡಿದು ಎಣಿಸಿದ್ದೇನೆ ಎಂದು ಸೊಸೆ ಖಡಾಖಂಡಿತವಾಗಿ ಹೇಳಿದಳು. ಬೇಕಾದರೆ ನೋಡಿ ಎಂದು ಚೀಲದಿಂದ ಸಿರಿಂಜನ್ನೂ ಬಾಟಲಿಯನ್ನೂ ತೆಗೆದು ನನ್ನ ಕೈಗಿಟ್ಟಳು. ಬಾಟಲಿಯ ಮುಚ್ಚಳದ ಬಣ್ಣ ಬೇರೆಯಾಗಿತ್ತು.

ನಾವು ಇಷ್ಟು ದಿನ ಕೊಡುತ್ತಿದ್ದುದು ತೆಳು ಔಷಧಿ. ಇದು ಗಟ್ಟಿ ಔಷಧಿ. ಅದೇ ಇನ್ಸುಲಿನ್ನೇ, ಆದರೆ ಹಳೆಯ ಸಿರಿಂಜಿನಲ್ಲಿ ಒಂದು ಗೆರೆ ಎಳೆದರೆ ಎರಡೂವರೆ ಗೆರೆಯಷ್ಟು ಮೈಗೆ ಹೋಗುತ್ತದೆ. ಇದಕ್ಕೆಂದೇ ಬೇರೆ ಸಿರಿಂಜ್ ಇರುತ್ತದೆ, ಅದರ ಗೆರೆಗಳ ಲೆಕ್ಕವೇ ಬೇರೆ. ಹೊಸ ಬಾಟಲಿಗಳು ಬರಲಿವೆ, ಜೊತೆಗೆ ಹೊಸ ಸಿರಿಂಜೂ ಬರಲಿದೆ ಎಂದು ಗೊತ್ತಿತ್ತು. ಬಂದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಕಲಿಸಬೇಕು, ಹಳೆಯ ಸಿರಿಂಜುಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು ಎಂದುಕೊಂಡಿದ್ದೆ. ನಾನು ಶಾಲೆಗಳಲ್ಲಿ ಮಕ್ಕಳ ತೋಳು ಹಿಡಿದುಕೊಂಡಿದ್ದಾಗ ಪೆಟ್ಟಿಗೆ ಬಂದು ಕೂತಿದೆ.

ಔಷಧಿ ಕೊಡುವ ಕಿಟಕಿಯ ಹತ್ತಿರ ಓಡಿದೆ. ನಮ್ಮ ಫಾರ್ಮಸಿಸ್ಟ್‌ಗೆ ನಾನಿಟ್ಟ ಹೆಸರು ನಿಧಾನಪ್ಪ. ಮಾತ್ರೆಯ ಪಟ್ಟಿ ಕತ್ತರಿಸುವುದನ್ನೂ ಪೂಜೆಯಂತೆ ಮಾಡುತ್ತಾನೆ. ಯಾಕೆ ಕೊಟ್ಟೆ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಕನ್ನಡಕ ಸರಿಮಾಡಿಕೊಂಡು ಹೇಳಿದ್ದಿಷ್ಟು: ನಿನ್ನೆ ಸೊಸೆ ಬಂದಾಗ ಹಳೆಯ ಬಾಟಲಿ ಮುಗಿದಿತ್ತು, ಸಿರಿಂಜ್ ಮನೆಯಲ್ಲಿ ಬೇಕಾದಷ್ಟಿದೆ ಬಾಟಲಿ ಮಾತ್ರ ಸಾಕು ಎಂದು ಅವರೇ ಅಂದರು, ಡೋಸ್ ಎಷ್ಟು ಎಂದು ಕೇಳಿದ್ದಕ್ಕೆ ಬದಲಾಗಿಲ್ಲ ಮೊದಲಿನಷ್ಟೇ ಎಂದು ತಿಳಿಸಿ ಹೇಳಿದ್ದಾಯಿತು. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಯೂನಿಟ್ ಬದಲಾಗಿಲ್ಲ ಎಂದು ಅವನು ಹೇಳಿದ. ಗೆರೆ ಬದಲಾಗಿಲ್ಲ ಎಂದು ಅವರು ಕೇಳಿಸಿಕೊಂಡರು. ಹಾಗೆ ಕೇಳಿಸಿಕೊಳ್ಳಲು ಕಲಿಸಿದವಳು ನಾನು.

"ಇನ್ಯಾರಿಗೆ ಕೊಟ್ಟೆ?"

"ಇನ್ನೊಬ್ರಿಗೆ ಮಾತ್ರ. ಇವತ್ತು ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಬಂದಿದ್ರು. ಆ ಬಸ್ ಡ್ರೈವರು."

ಡ್ರೈವರಣ್ಣನಿಗೆ ಮೂವತ್ತು ಗೆರೆ. ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಅವನಿಗೇ. ಬಂದಾಗಲೆಲ್ಲ ಸಕ್ಕರೆ ಏರಿಯೇ ಇರುತ್ತಿತ್ತು. ನಾನು ಬೈಯುತ್ತಿದ್ದೆ, ಡಾಕ್ಟರಮ್ಮ ಗೆರೆ ಏರಿಸುತ್ತಿದ್ದರು. ಹತ್ತರಿಂದ ಶುರುವಾದದ್ದು ಮೂವತ್ತಕ್ಕೆ ಬಂದು ನಿಂತಿತ್ತು. ಗಟ್ಟಿ ಔಷಧಿಯಲ್ಲಿ ಅದು ಎಪ್ಪತ್ತೈದಾಗುತ್ತದೆ. ಬೆಳಗಿನ ಟ್ರಿಪ್ಪು ಮುಗಿಸಿ, ಗುಡ್ಡದ ಮೇಲಿನ ಕೊನೆಯ ನಿಲ್ದಾಣದಲ್ಲಿ ಊಟಕ್ಕೆ ಕೂರುವ ಮುಂಚೆ ಚುಚ್ಚಿಕೊಳ್ಳುತ್ತೇನೆ ಎಂದು ಅವನೇ ಹೇಳಿದ್ದ. ಅಲ್ಲಿಂದ ಮತ್ತೆ ಜನ ತುಂಬಿಕೊಂಡು ತಿರುವುಗಳ ಇಳಿಜಾರಿನಲ್ಲಿ ಬಸ್ಸನ್ನು ಇಳಿಸಬೇಕು. ಅಜ್ಜಿ ನನ್ನನ್ನು ಯಾರೆಂದು ಕೇಳಿದ್ದು ಕಿವಿಯಲ್ಲಿತ್ತು. ಸ್ಟೇರಿಂಗ್ ಹಿಡಿದವನಿಗೆ ಹಾಗೆ ರಸ್ತೆಯ ಗುರುತೇ ಸಿಗದಿದ್ದರೆ?

ಫೋನ್ ಮಾಡಿದೆ. ಬಂದ್ ಆಗಿತ್ತು. ಗಾಡಿ ಓಡಿಸುವಾಗ ಫೋನ್ ಎತ್ತಿದರೆ ಚರ್ಮ ಸುಲಿಯುತ್ತೇನೆ ಎಂದು ಅವನನ್ನು ಗದರಿಸಿದವಳೂ ನಾನೇ. ಡಾಕ್ಟರಮ್ಮನಿಗೆ ವಿಷಯ ಹೇಳಿದೆ. ಅಜ್ಜಿಯ ಹತ್ತಿರ ತಾವಿರುತ್ತೇವೆ, ಏನು ಮಾಡಿಯಾದರೂ ಆ ಬಸ್ಸನ್ನು ನಿಲ್ಲಿಸಿ ಎಂದರು.

ಏನು ಮಾಡಿಯಾದರೂ ಎಂದರೆ ಬಸ್ ಡಿಪೋಗೆ ಫೋನ್ ಮಾಡಬೇಕು. ಅದೇ ಕಷ್ಟವಾಗಿದ್ದುದು. ಇನ್ಸುಲಿನ್ ಶುರು ಮಾಡಬೇಕೆಂದು ಡಾಕ್ಟರಮ್ಮ ಹೇಳಿದ ದಿನ ಡ್ರೈವರಣ್ಣ ನನ್ನ ಕೋಣೆಯ ಸ್ಟೂಲಿನ ಮೇಲೆ ಕುಸಿದು ಕೂತಿದ್ದ. ಅವನ ಕಂಪನಿಯಲ್ಲಿ ಸೂಜಿ ಹಾಕಿಕೊಳ್ಳುವವರ ಕೈಗೆ ಬಸ್ಸಿನ ಕೀಲಿ ಕೊಡುವುದಿಲ್ಲ. ಬೇರೆ ಕೆಲಸ ನನಗೆ ಬರಲ್ಲ ಸಿಸ್ಟರ್, ಹೊರಗೆ ಹೇಳ್ಬೇಡಿ ಎಂದು ಕೈ ಮುಗಿದಿದ್ದ. ರೋಗಿಯ ವಿಷಯ ಹೊರಗೆ ಆಡುವ ಜಾತಿ ನಾನಲ್ಲ, ನಿನ್ನ ಪಾಡಿಗೆ ನೀನು ಹೊತ್ತುಹೊತ್ತಿಗೆ ಊಟ ಮಾಡಿ ಚುಚ್ಚಿಕೋ ಎಂದು ನಾನು ಮಾತು ಕೊಟ್ಟಿದ್ದೆ.

ಡಿಪೋದ ಕಂಟ್ರೋಲರ್ ಫೋನ್ ಎತ್ತಿದರು. ನಾನು ಡ್ರೈವರಣ್ಣನ ಗುರುತು ಹೇಳಿ, ಅವನ ತಾಯಿಗೆ ತೀರಾ ಸೀರಿಯಸ್ಸು, ಬಸ್ ಇದ್ದಲ್ಲೇ ನಿಲ್ಲಿಸಲು ಹೇಳಿ ಎಂದು ಒಂದೇ ಉಸಿರಿಗೆ ಸುಳ್ಳು ಬಿಟ್ಟೆ.

"ಅವನ ತಾಯಿ ಮಣ್ಣಿಗೆ ನಾನೇ ಹೋಗಿದ್ದೆ," ಎಂದರು ಕಂಟ್ರೋಲರ್. "ನೀವು ಯಾರು ಅಂತ ಮೊದಲು ಹೇಳಿ."

ಇನ್ನೊಂದು ಸುಳ್ಳು ಹೊಸೆಯಬಹುದಿತ್ತು. ಅಷ್ಟರಲ್ಲಿ ಅವರು ಫೋನ್ ಇಟ್ಟುಬಿಟ್ಟರೆ? ಗೋಡೆಯ ಮೇಲೆ ಗಡಿಯಾರದ ಮುಳ್ಳು ಊಟದ ಹೊತ್ತು ದಾಟಿತ್ತು. ಹೇಳಿಬಿಟ್ಟೆ. ಅವನು ಇನ್ಸುಲಿನ್ ಮೇಲಿದ್ದಾನೆ, ನಮ್ಮ ಕಡೆಯಿಂದ ತಪ್ಪಾಗಿ ಗಟ್ಟಿ ಔಷಧಿ ಹೋಗಿದೆ, ಯಾವ ಗಳಿಗೆಯಲ್ಲಾದರೂ ಸ್ಟೇರಿಂಗ್ ಮೇಲೆ ತಲೆ ತಿರುಗಿ ಬೀಳುತ್ತಾನೆ ಎಂದೆ.

"ಇನ್ಸುಲಿನ್ನಾ? ಮಾತ್ರೆ ಅಂದಿದ್ದ ನನ್ ಹತ್ರ" ಎಂದರು ಅವರು. ಆ ದನಿಯಲ್ಲಿ ಕೋಪಕ್ಕಿಂತ ಬೇಸರವೇ ಹೆಚ್ಚಿತ್ತು. ಮರುಕ್ಷಣವೇ ದನಿ ಬದಲಾಯಿತು. ಬಸ್ಸು ಮೇಲಿನ ನಿಲ್ದಾಣ ಬಿಟ್ಟಾಗಿದೆ, ಈಗ ಇಳಿಜಾರಿನಲ್ಲಿರುತ್ತದೆ, ಕಂಡಕ್ಟರ್‌ಗೆ ಫೋನ್ ಹಚ್ಚುತ್ತೇನೆ ಎಂದು ಇಟ್ಟರು.

ಗ್ಲೂಕೋಸ್ ಪೊಟ್ಟಣ, ನೀರಿನ ಬಾಟಲಿ, ಸಕ್ಕರೆ ನೋಡುವ ಮಿಷನ್ ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಹೊರಗೆ ಬಂದರೆ ನಿಧಾನಪ್ಪ ಆಗಲೇ ಸ್ಕೂಟರ್ ಶುರು ಮಾಡಿ ನಿಂತಿದ್ದ. ಇವನ ಹಿಂದೆ ಕೂತರೆ ನಾಳೆ ಮುಟ್ಟುತ್ತೇನೆ ಎಂದುಕೊಂಡೇ ಹತ್ತಿದೆ. ಆಸಾಮಿ ಆವತ್ತು ಓಡಿಸಿದ ರೀತಿಗೆ ನನ್ನ ಜೀವ ಬಾಯಿಗೆ ಬಂತು. ಲಾರಿಗಳ ಸಂದಿಯಲ್ಲಿ ನುಗ್ಗಿಸಿದ, ಅಡ್ಡ ಬಂದವರಿಗೆಲ್ಲ ಹಾರ್ನ್ ಬಾರಿಸಿದ, ಯಾರಿಗೂ ಹೋಗೋ ಬಾರೋ ಅನ್ನದವನು ಒಬ್ಬ ಆಟೋದವನಿಗೆ ಬೈದೂಬಿಟ್ಟ. ನಡುವೆ ಒಮ್ಮೆ ತಲೆ ತಿರುಗಿಸದೆ ಕೇಳಿದ, "ಡೋಸ್ ಬದಲಾಗಿಲ್ಲ ಅಂದಿದ್ದು ಸರೀನೇ ಅಲ್ವಾ ಸಿಸ್ಟರ್?"

ಸರಿಯೇ, ಸುಮ್ಮನೆ ರಸ್ತೆ ನೋಡು ಎಂದೆ. ಅವನ ಮೇಲೆ ತಪ್ಪು ಹೊರಿಸಲೂ ಆಗುವಂತಿರಲಿಲ್ಲ.

ಊರು ದಾಟಿ ಏರು ಶುರುವಾದಾಗ ಕಂಟ್ರೋಲರ್ ಫೋನ್ ಬಂತು. ಕಂಡಕ್ಟರ್ ಫೋನ್ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ತಾವೂ ಇನ್ನೊಬ್ಬ ಡ್ರೈವರನ್ನು ಕರೆದುಕೊಂಡು ಜೀಪಿನಲ್ಲಿ ಹೊರಟಿದ್ದೇವೆ ಎಂದರು. ಎದುರಿನಿಂದ ಬರುವ ಒಂದೊಂದು ಗಾಡಿಯನ್ನೂ ಕಣ್ಣು ಕಿರಿದಾಗಿಸಿ ನೋಡಿದೆ. ಬಸ್ಸಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ತಡೆಗೋಡೆ ಎನ್ನುವುದು ಅಲ್ಲೊಂದು ಇಲ್ಲೊಂದು ಕಲ್ಲು, ಅಷ್ಟೇ. ನನಗೆ ದೇವರ ನೆನಪಾಗುವುದು ಕಡಿಮೆ. ಆವತ್ತು ಯಾವ ದೇವರನ್ನೂ ಬಿಡಲಿಲ್ಲ.

ಒಂದು ತಿರುವು ದಾಟಿದೆವು. ಬಸ್ಸು ರಸ್ತೆಯ ಅಂಚಿನಲ್ಲಿ ಓರೆಯಾಗಿ ನಿಂತಿತ್ತು. ಜನ ಕೆಳಗಿಳಿದು ಗುಂಪುಗೂಡಿದ್ದರು, ಯಾರದೋ ಮಗು ಅಳುತ್ತಿತ್ತು. ನಾನು ಸ್ಕೂಟರ್ ನಿಲ್ಲುವ ಮುಂಚೆಯೇ ಹಾರಿದೆ. ಹತ್ತಿರ ಹೋದಾಗ ಗೊತ್ತಾಯಿತು, ಬಸ್ಸಿಗೇನೂ ಆಗಿರಲಿಲ್ಲ. ಕಂಡಕ್ಟರ್ ಕೊನೆಗೂ ಫೋನ್ ಎತ್ತಿ, ಗಾಬರಿಯಲ್ಲಿ ನಿಲ್ಸು ನಿಲ್ಸು ಎಂದು ಕಿರುಚಿ, ನಿಂತ ಕೂಡಲೇ ಕೀಲಿ ಕಿತ್ತುಕೊಂಡಿದ್ದ. ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ದೂರ ನಿಂತಿದ್ದ. ಗುಂಪಿನಲ್ಲಿ ಒಬ್ಬ ಇನ್ನೊಬ್ಬನಿಗೆ, ಕುಡಿದಿದ್ದಾನಂತೆ ಕಣೋ ಎನ್ನುತ್ತಿದ್ದ. ಕುಡಿದವನು ನಿಮ್ಮಪ್ಪ ಎಂದು ಅವನ ಬಾಯಿ ಮುಚ್ಚಿಸಿ ಮುಂದೆ ಹೋದೆ.

ಡ್ರೈವರಣ್ಣ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಮೈ ಬೆವರಿರಲಿಲ್ಲ, ಕೈ ನಡುಗುತ್ತಿರಲಿಲ್ಲ. ನನ್ನನ್ನು ಕಂಡ ಕೂಡಲೇ ಗುಟ್ಟು ರಟ್ಟಾಗಿದೆ ಎಂದು ಅವನಿಗೆ ಅರ್ಥವಾಯಿತು, ತಲೆ ತಗ್ಗಿಸಿದ. ನಾನು ಮಾತಾಡದೆ ಬೆರಳು ಹಿಡಿದು ಚುಚ್ಚಿದೆ. ಇನ್ನೊಂದು ಕೈಯಲ್ಲಿ ಗ್ಲೂಕೋಸ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ಮಿಷನ್ ನಾನೂರರ ಮೇಲೆ ತೋರಿಸಿತು. ಬೆರಳಿಗೆ ಸಿಹಿ ಅಂಟಿರಬೇಕೆಂದು ಇನ್ನೊಂದು ಬೆರಳನ್ನು ಚೆನ್ನಾಗಿ ತೊಳೆದು ಮತ್ತೆ ಚುಚ್ಚಿದೆ. ಮತ್ತೆ ಅಷ್ಟೇ. ಎಪ್ಪತ್ತೈದು ಒಳಗೆ ಹೋದವನ ಸಕ್ಕರೆ ಹೀಗಿರಲು ಸಾಧ್ಯವೇ ಇಲ್ಲ. ಗ್ಲೂಕೋಸ್ ಬಾಟಲಿ ಕೈಯಲ್ಲೇ ಉಳಿಯಿತು.

"ಚುಚ್ಕೊಂಡೇ ಇಲ್ಲ ಸಿಸ್ಟರ್," ಎಂದ.

ಸೀಟಿನ ಹಿಂದಿನ ಚೀಲದಿಂದ ಬಾಟಲಿ ತೆಗೆದು ತೋರಿಸಿದ. ಸೀಲ್ ಒಡೆದಿರಲಿಲ್ಲ. ಅಬ್ಬಾ ಎಂದು ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಖುಷಿಗೆ ಅಳು ಬರುವಂತಾಯಿತು. ಇವತ್ತು ಮರೆತೆಯಾ, ಮರೆತದ್ದೇ ಒಳ್ಳೆಯದಾಯಿತು ಮಾರಾಯ ಎಂದೆ.

"ಮರೆತಿದ್ದಲ್ಲ. ಸ್ಟೇರಿಂಗ್ ಹಿಡಿಯೋ ದಿನ ನಾನು ಚುಚ್ಕೊಳ್ಳೋದೇ ಇಲ್ಲ. ಶುರುವಿನಲ್ಲಿ ಒಂದ್ಸಲ ಈ ಇಳಿಜಾರಲ್ಲೇ ಕಣ್ಣು ಕತ್ತಲೆ ಬಂದ್ಬಿಡ್ತು. ಹಿಂದೆ ಬಸ್ ತುಂಬ ಜನ. ಅವತ್ತಿಂದ ಬಿಟ್ಟೆ. ರಜೆ ದಿನ ಮಾತ್ರ ಹಾಕ್ಕೊಳ್ತೀನಿ."

ನಾನು ಬೆಪ್ಪಾದೆ. ರಜೆ ಅವನಿಗೆ ವಾರಕ್ಕೊಂದು. ಹಾಗಾದರೆ ಪ್ರತಿ ಸಲ ನನ್ನ ಮೇಜಿನ ಮುಂದೆ ಏರಿದ ಸಕ್ಕರೆ, ನನ್ನ ಬೈಗುಳ, ಏರಿಸಿದ ಗೆರೆ? ರಜೆಯ ದಿನ ಹೇಗಿರುತ್ತಿದ್ದೆ ಎಂದು ಕೇಳಿದೆ. ಮೈಯೆಲ್ಲ ಬೆವರಿ, ಕೈಗೆ ಸಿಕ್ಕಿದ್ದು ತಿಂದು, ದಿನವಿಡೀ ಎಚ್ಚರವಿಲ್ಲದವನಂತೆ ಬಿದ್ದಿರುತ್ತಿದ್ದನಂತೆ. ವಾರದ ಸುಸ್ತು, ಮಲಗಲಿ ಎಂದು ಹೆಂಡತಿ ಎಬ್ಬಿಸುತ್ತಿರಲಿಲ್ಲವಂತೆ. ಮತ್ತೆ ನಾಳೆ ರಜೆ ಎಂದು ಅವನೇ ಹೇಳಿದ. ನಾಳೆ ಮನೆಯಲ್ಲಿ ಹಳೆಯ ಸಿರಿಂಜಿನಲ್ಲಿ ಮೂವತ್ತು ಗೆರೆ ಎಳೆದುಕೊಂಡು ಮಲಗುತ್ತಿದ್ದ. ಅವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ.

"ನನ್ ಹತ್ರ ಯಾಕೆ ಹೇಳ್ಲಿಲ್ಲ? ಬಂದಾಗೆಲ್ಲ ಕೇಳ್ತಿದ್ನಲ್ಲ."

"ಎಷ್ಟು ಗೆರೆ ಅಂತ ಕೇಳ್ತಿದ್ರಿ ಸಿಸ್ಟರ್. ಮೂವತ್ತು ಅಂತಿದ್ದೆ. ಮೂವತ್ತೇ ಹಾಕ್ಕೊಳ್ತಿದ್ದೆ, ಸುಳ್ಳಲ್ಲ. ಯಾವ್ಯಾವತ್ತು ಅಂತ ನೀವು ಕೇಳ್ಲಿಲ್ಲ." ಬಾಟಲಿಯನ್ನು ನನ್ನ ಕೈಗಿಡುತ್ತ, "ಹೇಳೋಣ ಅಂತ ಒಂದೆರಡು ಸಲ ಬಾಯಿವರೆಗೂ ಬಂದಿತ್ತು. ನೀವು ಬೈತೀರಲ್ಲ" ಎಂದ.

ಕೆನ್ನೆಗೆ ಹೊಡೆದ ಹಾಗಾಯಿತು. ಬಸ್ಸಿನ ಜನರ ಜೀವ ಉಳಿಸಲು ತನ್ನ ಮೈಯನ್ನು ಕೊಳೆಯಲು ಬಿಟ್ಟವನನ್ನು, ನಿಮಗೆಲ್ಲ ಜೀವದ ಮೇಲೆ ಆಸೆ ಇಲ್ವಾ ಎಂದು ಹತ್ತು ಜನರ ಎದುರು ಕೇಳಿದ್ದೆ. ಬಂದಾಗಲೆಲ್ಲ ನಾನು ಪಟ್ಟಿ ಕಟ್ಟುತ್ತಿದ್ದ ಅವನ ಎಡಗಾಲಿನ ಹೆಬ್ಬೆರಳಿನ ಹುಣ್ಣು ಯಾಕೆ ಮಾಯುತ್ತಿಲ್ಲ ಎಂದು ಈಗ ಗೊತ್ತಾಯಿತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು, ಅವನ ಮೇಲೂ ಸಿಟ್ಟು ಬಂತು. ಎರಡನ್ನೂ ಹೊರಗೆ ಹಾಕುವ ಜಾಗ ಅದಾಗಿರಲಿಲ್ಲ. ಇವತ್ತು ಇವನು ಬಸ್ಸನ್ನು ಕ್ಷೇಮವಾಗಿ ಕೆಳಗೆ ಇಳಿಸುತ್ತಿದ್ದ. ನಾನು ಡಿಪೋಗೆ ಹೇಳದೆ ಸಂಜೆಯವರೆಗೆ ಸುಮ್ಮನಿದ್ದರೆ ಸಾಕಿತ್ತು.

ಜೀಪ್ ಬಂದು ನಿಂತಿತು. ಕಂಟ್ರೋಲರ್ ಕಿರುಚುತ್ತಾರೆ, ನಾನೂ ಎರಡು ಮಾತು ಆಡುತ್ತೇನೆ ಎಂದು ಸೆಟೆದು ನಿಂತೆ. ಅವರು ಕಿರುಚಲಿಲ್ಲ. ನಡೆದದ್ದನ್ನು ನಾನು ಹೇಳಿದೆ, ತಪ್ಪು ನಮ್ಮ ಕೇಂದ್ರದ್ದು ಎಂದೆ, ಇವನು ಗಾಡಿ ಓಡಿಸುವ ದಿನ ಸೂಜಿಯನ್ನೇ ಮುಟ್ಟುವವನಲ್ಲ ಎಂದೂ ಹೇಳಿದೆ. ಹೇಳಿದ ಮೇಲೆ ಅದು ಅವನಿಗೆ ಇನ್ನೂ ಕೆಡುಕು ಎಂದು ಹೊಳೆಯಿತು. ನಾನೂರರ ಸಕ್ಕರೆಯಲ್ಲಿ ಕಣ್ಣು ಮಂಜಾಗುವುದು ಕಂಟ್ರೋಲರ್‌ಗೂ ಗೊತ್ತಿತ್ತು. ಅವರ ಮನೆಯಲ್ಲೂ ಆ ಕಾಯಿಲೆ ಇದ್ದಿರಬೇಕು. ಅವರು ಕಂಡಕ್ಟರ್ ಕೈಯಿಂದ ಕೀಲಿ ತೆಗೆದುಕೊಂಡು ಜೊತೆಗೆ ಬಂದ ಡ್ರೈವರ್‌ಗೆ ಕೊಟ್ಟರು. ಆಮೇಲೆ ಡ್ರೈವರಣ್ಣನ ಹೆಗಲ ಮೇಲೆ ಕೈಯಿಟ್ಟರು.

"ನಾಳೆ ಆಫೀಸಿಗೆ ಬಾ. ಬೇರೆ ಏನಾದ್ರೂ ಕೆಲಸ ಇದ್ಯಾ ನೋಡೋಣ. ಸ್ಟೇರಿಂಗ್ ಮಾತ್ರ ಇನ್ನಾಗಲ್ಲ. ನಿಂಗೂ ಗೊತ್ತು."

ಡ್ರೈವರಣ್ಣ ಹೂಂ ಎಂದ. ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ನಿಧಾನಪ್ಪನನ್ನು ಸ್ಕೂಟರಿನಲ್ಲಿ ವಾಪಸ್ ಕಳಿಸಿ ನಾನು ಬಸ್ಸು ಹತ್ತಿದೆ. ಡ್ರೈವರಣ್ಣ ಮೂರನೇ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ. ಪಕ್ಕದಲ್ಲಿ ಯಾರೂ ಕೂತಿರಲಿಲ್ಲ, ನಾನು ಹೋಗಿ ಕೂತೆ. ಬಸ್ಸು ಹೊರಟಿತು. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಮುಂದಿದ್ದವನು ಬ್ರೇಕ್ ಹಾಕುವ ಒಂದು ಕ್ಷಣ ಮೊದಲೇ ಇವನ ಕಾಲು ಒತ್ತಿರುತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ತಡೆಯಲು ಆಗುತ್ತಿರಲಿಲ್ಲವೋ.

ನನಗೆ ಮಾತು ಬಾರದೆ ಹೋದ ದಿನಗಳು ಕಡಿಮೆ. ಕೊಟ್ಟ ಮಾತು ಮುರಿದೆ, ನಿನ್ನ ಅನ್ನಕ್ಕೆ ಕಲ್ಲು ಹಾಕಿದೆ, ಆದರೆ ಇವತ್ತಿನದು ಮತ್ತೆ ಬಂದರೂ ನಾನು ಫೋನ್ ಮಾಡಿಯೇ ಮಾಡುತ್ತೇನೆ ಎಂದು ತಡವರಿಸುತ್ತ ಹೇಳಿದೆ. ನನ್ನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ಇಳಿಜಾರು ಮುಗಿದು ರಸ್ತೆ ಸಪಾಟಾದ ಮೇಲೆ ಅವನು ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟಿರಲಿಲ್ಲ. ಔಷಧಿಯ ಹೊತ್ತು ಯಾವುದು ಎಂದು ಕೇಳುವ ಯಾವ ರೋಗಿಯ ದನಿಯಾದರೂ ಹಾಗೇ ಇರುತ್ತದೆ.

"ಸರಿಯಾದ ಲೆಕ್ಕ ಹಾಕಿ ಇವತ್ತಿಂದಾನೇ ಶುರು ಮಾಡಿ ಸಿಸ್ಟರ್. ಇನ್ಮೇಲೆ ನಂಗೆ ದಿನಾ ರಜೆನೇ ಅಲ್ವಾ."